ಗೋಣಿಯಡಿಯ ಸದ್ದು

ಹೊಸ್ತಿಲ ಬಳಿ ಹಾಸಿದ್ದ ಗೋಣಿಯನ್ನು ಎತ್ತಿ ಕೆರಿಯ ಅದರಡಿಯ ಎರಡು ವಯರುಗಳನ್ನು ಕಿತ್ತುಹಾಕಿದ. ತೀರಿಕೊಂಡ ಅಣ್ಣ ಚೌಡನ ಮುಖ ನೋಡಲು ಬಂದವರು ಒಳಗೆ ಕಾಲಿಟ್ಟಾಗಲೆಲ್ಲ ಗೋಡೆಯ ಮೇಲಿನ ಡಬ್ಬಿ ಪೀಂಯ್ ಎಂದು ಕೂಗುತ್ತಿತ್ತು. ಅಳುತ್ತ ಬಂದವರು ಬೆಚ್ಚಿ ಅಳು ನಿಲ್ಲಿಸುತ್ತಿದ್ದರು. ಮನ್ಮನೆ ಊರಿನವರಿಗೆ ಆ ಸದ್ದು ಹೊಸದಲ್ಲ. ಸಿರ್ಸಿ ಕಡೆಯ ನೆಂಟರು ಮುಖ ಮುಖ ನೋಡಿಕೊಂಡಿದ್ದರು.

ಸದ್ದು ನಿಂತರೂ ದ್ಯಾವಮ್ಮನಿಗೆ ಗಂಡನ ತಲೆಯ ಬಳಿ ಕೂರಲಾಗಲಿಲ್ಲ. ಎದ್ದು ಹಂಡೆಯ ನೀರು ನೋಡಿದಳು. ಮತ್ತೆ ಬಂದು ದೀಪದ ಬತ್ತಿ ಮುಂದೆ ಸರಿಸಿದಳು. ಮಗಳು ಎಲ್ಲಿ ಎಂದು ಕೇಳಿದಳು. ದಿವ್ಯಾ ಕೋಣೆಯಲ್ಲೇ ಇದ್ದಾಳೆಂದು ಯಾರೋ ಹೇಳಿದರು.

ಕೆರಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ದನಿ ತಗ್ಗಿಸಿದ. "ಇನ್ನು ಇದನ್ನೆಲ್ಲ ಯಾರು ನೋಡ್ತಾರೆ ಅತ್ತಿಗೆ? ಹುಡುಗಿ ಕೋಣೆಗೆ ಒಂದು ಗಟ್ಟಿ ಚಿಲಕ ಹಾಕ್ಸಿ ಕೊಡ್ತೆ."

ದ್ಯಾವಮ್ಮ ಮತ್ತೆ ಎದ್ದು ಹಂಡೆಯ ಕಡೆ ಹೋದಳು.

*

ಹಿಂದೊಮ್ಮೆ ಚಿಲಕ ಬೇಕೆಂದು ಹಟ ಹಿಡಿದವಳು ದ್ಯಾವಮ್ಮನೇ. ದಿವ್ಯಾಳ ಮೈ ಬೆಳೆದಿತ್ತು, ಬುದ್ಧಿ ಬೆಳೆದಿರಲಿಲ್ಲ, ಮಾತೂ ಬಂದಿರಲಿಲ್ಲ. ಬಾಗಿಲು ತೆರೆದಿದ್ದರೆ ಸಾಕು, ನಡೆದುಬಿಡುತ್ತಿದ್ದಳು. ಒಮ್ಮೆ ಕೆರೆಯಲ್ಲಿ ಸೊಂಟದ ಮಟ್ಟ ನೀರಿಗಿಳಿದು ನಿಂತಿದ್ದಳು. ಮರುದಿನ ಕೋಣೆಗೆ ಚಿಲಕ ಬಿತ್ತು. ಸಂಜೆಯೊಳಗೆ ಹುಡುಗಿ ಬಾಗಿಲಿಗೆ ಹಣೆ ಚಚ್ಚಿಕೊಂಡು ರಕ್ತ ಮಾಡಿಕೊಂಡಳು.

ಚೌಡ ಒಂದೂ ಮಾತಾಡದೆ ಚಿಲಕ ಬಿಚ್ಚಿದ. ಜಗಲಿಯಲ್ಲಿ ಕತ್ತರಿ ಹಿಡಿದು ಕೂತ. ಚಹಾ ಪೊಟ್ಟಣದ ಬೆಳ್ಳಿ ಕಾಗದವನ್ನು ಎರಡು ರಟ್ಟಿಗೆ ಅಂಟಿಸಿದ. ನಡುವೆ ಹಳೇ ಹವಾಯಿ ಚಪ್ಪಲಿಯ ಅಟ್ಟೆಗೆ ತೂತು ಕೊರೆದು ಇಟ್ಟ. ಅದನ್ನು ಹೊಸ್ತಿಲ ಗೋಣಿಯಡಿ ಇಟ್ಟು ಮೇಲೆ ಕಾಲಿಟ್ಟರೆ ತೂತಿನಲ್ಲಿ ಬೆಳ್ಳಿಗೆ ಬೆಳ್ಳಿ ತಾಗುವುದು, ಬ್ಯಾಟರಿಯ ಶೆಲ್ಲಿನಿಂದ ಕರೆಂಟು ಹರಿದು, ಕೆಟ್ಟ ಗಡಿಯಾರದಿಂದ ಕಿತ್ತ ಅಲಾರಂ ಕೂಗುವುದು. ಮೊದಲ ದಿನ ಎರಡೂ ಅಂಟಿಕೊಂಡು ಮಧ್ಯಾಹ್ನವಿಡೀ ಕೂಗಿತು. ಮಳೆಗಾಲದಲ್ಲಿ ಕಾಗದ ಕಪ್ಪಾಗಿ ಕೂಗುವುದನ್ನೇ ಬಿಟ್ಟಿತು. ಆಗ ಕಾಗದದ ಬದಲು ಡಬ್ಬಿಗಳ ತಗಡು ಬಡಿದು ಹಾಕಿದ.

ಸದ್ದಾದರೆ ಅವನು ಮಗಳನ್ನು ಒಳಗೆ ಎಳೆದು ತರುತ್ತಾನೆಂದು ದ್ಯಾವಮ್ಮ ತಿಳಿದಿದ್ದಳು. ಆದರೆ ಅವನು ಕೈಯ ಕೆಲಸ ಬಿಟ್ಟು ಮಗಳ ಹಿಂದೆ ನಡೆಯುತ್ತಿದ್ದ, ಅಷ್ಟೇ. ಅವಳಿಗೆ ಸಾಕಾದಾಗ ಇಬ್ಬರೂ ತಿರುಗುತ್ತಿದ್ದರು. ಇಷ್ಟಕ್ಕೆ ಇಷ್ಟೆಲ್ಲ ಎಂತಕ್ಕೆ ಎಂದು ದ್ಯಾವಮ್ಮ ರೇಗಿದಾಗ ಅವನು, "ಹೋಗೂದು ಬ್ಯಾಡ ಅಂಬೂಕೆ ನಾವ್ಯಾರು? ಹೋಗಿದ್ದು ಗೊತ್ತಾದ್ರೆ ಸಾಕು" ಎಂದಿದ್ದ.

*

ಹೆಣಕ್ಕೆ ಸ್ನಾನವಾಯಿತು. ಬಾಯಿಗೆ ನೀರು ಬಿಡಲು ಮಗಳನ್ನು ಕರೆದರು. ಕೋಣೆ ಖಾಲಿ ಇತ್ತು.

ಗಂಡಸರು ಕೆರೆಯ ಕಡೆ ಓಡಿದರು. ಕೆರಿಯ ತಾನು ಕಿತ್ತ ವಯರುಗಳತ್ತ ಒಮ್ಮೆ ನೋಡಿ ಅವರ ಹಿಂದೆ ಓಡಿದ. ದ್ಯಾವಮ್ಮನೂ ಓಡಿದಳು, ಗದ್ದೆಯಂಚಿಗೆ ಬಂದವಳು ಗಕ್ಕನೆ ನಿಂತಳು. ಮನೆಯ ಸೌದೆಯನ್ನು ಹೊತ್ತವರು ಆಗಲೇ ಕೋಣೆಯ ಕಿಟಕಿಯ ಮುಂದಿನಿಂದಲೇ ಹೆಣ ಸುಡುವ ಗುಡ್ಡೆಗೆ ಹೋಗಿದ್ದರು. ಅವಳು ಗುಡ್ಡೆಯ ದಾರಿ ಹಿಡಿದಳು. ಒಬ್ಬಳೇ ಮಗಳನ್ನು ಹುಡುಕಿ ಅವಳಿಗೆ ಅಭ್ಯಾಸವಿರಲಿಲ್ಲ.

ದಿವ್ಯಾ ಅಲ್ಲಿದ್ದಳು. ಒಟ್ಟಿದ ಸೌದೆಯ ಪಕ್ಕ ಕೂತು, ಉದುರಿದ ಚಕ್ಕೆಗಳನ್ನು ಆರಿಸುತ್ತಿದ್ದಳು. ಸೌದೆ ಕಾಯುತ್ತಿದ್ದ ಇಬ್ಬರು ಏನು ಮಾಡುವುದೆಂದು ತಿಳಿಯದೆ ದೂರ ನಿಂತಿದ್ದರು.

ಕೆರೆಯಿಂದ ಏದುಸಿರು ಬಿಡುತ್ತ ಬಂದ ಕೆರಿಯ ದಿವ್ಯಾಳ ತೋಳಿಗೆ ಕೈ ಹಾಕಿದ. ಹೆಂಗಸರು ಇಲ್ಲಿಗೆ ಬರುವ ಪದ್ಧತಿಯಿಲ್ಲ, ಇವಳನ್ನು ಮನೆಯೊಳಗೆ ಬಿಟ್ಟು ಬಾಗಿಲು ಹಾಕಿ ಬರುತ್ತೇನೆ ಎಂದ.

"ಕೈ ಬಿಡು ಕೆರಿಯಾ," ಎಂದಳು ದ್ಯಾವಮ್ಮ. "ನಾನೂ ಇಲ್ಲೇ ಇರ್ತೆ. ಹೋಗಿ ನಿನ್ನಣ್ಣನ್ನ ತಗಂಡ್ ಬನ್ನಿ."

ಕೆರಿಯ ತೋಳು ಬಿಟ್ಟು ಇಳಿದು ಹೋದ.

ದ್ಯಾವಮ್ಮ ಮಗಳ ಪಕ್ಕ ನೆಲಕ್ಕೆ ಕೂತಳು. ಕೈಗೆ ಸಿಕ್ಕ ಒಂದು ಚಕ್ಕೆಯನ್ನು ಚಾಚಿದಳು. ದಿವ್ಯಾ ಅದನ್ನು ತಿರುಗಿಸಿ ನೋಡಿ, ತೊಗಟೆ ಮೇಲಾಗುವಂತೆ ಸೌದೆಯ ಸಂದಿಗೆ ಸೇರಿಸಿದಳು. ಇನ್ನೊಂದಕ್ಕೆ ಕೈ ಒಡ್ಡಿದಳು. ಕೆಳಗೆ ಗದ್ದೆಯಂಚಿನಲ್ಲಿ ಚಟ್ಟ ಹೊತ್ತವರು ಸಾಲಾಗಿ ಬರುತ್ತಿದ್ದರು.