ರುಚಿ ನೋಡುವ ಬುರುಡೆ

ನಮ್ಮ ದಗಾರ ಸೀಮೆಯಲ್ಲಿ ಪೀಟೋ, ಅಂದರೆ ಜೋಳದ ಹೆಂಡ, ಮಾರುವವಳು ಮೊದಲ ಗುಟುಕನ್ನು ಪುಕ್ಕಟೆ ಕೊಡಬೇಕು. ಹಿಡಿಸಿದರೆ ಕೊಂಡು ಕುಡಿಯುತ್ತೇವೆ, ಇಲ್ಲದಿದ್ದರೆ ಎದ್ದು ಹೋಗುತ್ತೇವೆ. ಕೊಡೆನೆಂದವಳ ಅಂಗಳಕ್ಕೆ ನಾಯಿಯೂ ಕಾಲಿಡುವುದಿಲ್ಲ.

ಗಂಡನ ಹೊಡೆತ ತಾಳಲಾರದೆ ಅಯುವೊ ಮಗಳು ಫೌಸ್ತಿನಾಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಅವಳಣ್ಣ ಜಿಯೆಮ್ ಹೇಳಿದ್ದು ಒಂದೇ ಮಾತು. "ನಿನ್ ಹೊಟ್ಟೆಗೆ ನಾನು ಹಾಕ್ತೀನಿ. ಕೂಸು ಅವರ ಮನೇದು. ಮುಂದಿನ ವಾರದ ಸಂತೇಲಿ ಪೀಟೋ ಮಾರು. ಅವಳ ಊಟಕ್ಕಾಗೋಷ್ಟು ಹುಟ್ಟಿದ್ರೆ ಇರ್ಲಿ, ಇಲ್ದಿದ್ರೆ ಅವತ್ತು ಸಂಜೇಗೇ ಸೈಕಲ್ ಮೇಲೆ ಕೂರಿಸ್ಕೊಂಡು ಅವಳಪ್ಪನ ಹತ್ರ ಬಿಟ್ಟು ಬರ್ತೀನಿ."

ದಿನಾ ರಾತ್ರಿಯ ಮುದ್ದೆ ಬಿಟ್ಟು ಉಳಿಸಿದ ಒಂದು ಬುಟ್ಟಿ ಕೆಂಪು ಜೋಳ, ಅಷ್ಟೇ ಅವಳ ಬಂಡವಾಳ. ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿದಳು. ಮಡಕೆಗಳನ್ನು ಅವರಿವರಲ್ಲಿ ಬೇಡಿ ತಂದು, ಸೌದೆ ಆಯ್ದು ತಂದು ಕುದಿಸಿದಳು. ಅದನ್ನು ಹುದುಗಿಸುವ ಹೆಪ್ಪು ಕೊಟ್ಟವಳು ಪೆರ್ಪೆತುವಾ. ಮೂವತ್ತು ವರ್ಷದಿಂದ ಸಂತೆಯಲ್ಲಿ ಪೀಟೋ ಎಂದರೆ ಪೆರ್ಪೆತುವಾಳದೇ. ಹೆಪ್ಪು ಕೇಳಿದವರಿಗೆ ಇಲ್ಲ ಎನ್ನಬಾರದು, ಕೊಟ್ಟಳು. ರುಚಿ ನೋಡಲು ಕೊಡುವ ಸಣ್ಣ ಸೋರೆಬುರುಡೆ ಕೇಳಿದಾಗ ಮಾತ್ರ, "ಅಯ್ಯೋ, ಒಡೆದೇ ಹೋಯ್ತಲ್ಲೇ" ಎಂದಳು.

ಹಾಗಾಗಿ ಅಯುವೊ ಬಳಿ ಇದ್ದದ್ದು ದೊಡ್ಡ ಬುರುಡೆಗಳು ಮಾತ್ರ. ಬುರುಡೆ ಅರ್ಧ ತುಂಬಿಸಿ ಕೊಟ್ಟರೆ ಮುಖ ಊದಿಸಿಕೊಳ್ಳುವ ಜನ ನಾವು.

ಸಂತೆಯ ದಿನ ಮೊದಲು ಹೋದವನು ನಾನೇ, ಮುಚ್ಚಿಡುವುದೇನು. ಅವಳು ಬುರುಡೆ ತುಂಬ ಸುರಿದಳು. ಪೀಟೋ ಅದ್ಭುತವಾಗಿತ್ತು.

"ಗಂಟಲಿಗೆ ಇಳೀತು, ನಾಲಿಗೆಗೆ ಗೊತ್ತಾಗ್ಲಿಲ್ಲ ಕಣಮ್ಮಾ," ಎಂದೆ.

ನಗುತ್ತ ಇನ್ನೊಂದು ಸುರಿದಳು. ಅದನ್ನೂ ಮುಗಿಸಿ ಮರದ ಕೆಳಗಿದ್ದವರಿಗೆ ಸುದ್ದಿ ಮುಟ್ಟಿಸಿದೆ. "ಹೋಗ್ರೋ, ಅಲ್ಲಿ ರುಚಿ ನೋಡೋದ್ರಲ್ಲೇ ಹೊಟ್ಟೆ ತುಂಬ್ತದೆ!"

ಇಪ್ಪತ್ತು ಜನ ನುಗ್ಗಿದರು. ಗೆಳೆಯ ದೆರಿ ಬಾಯಿ ಒರೆಸಿಕೊಂಡು, "ಒಂಚೂರು ಹುಳಿ ಅನ್ನಿಸ್ತಕ್ಕಾ, ಇನ್ನೊಂದ್ಸಲ ನೋಡಿಯೇ ಹೇಳ್ಬೇಕು" ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು, ಆಮೇಲೆ ನಗುವುದನ್ನು ನಿಲ್ಲಿಸಿದಳು. ಕೈ ಮಾತ್ರ ಸುರಿಯುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಮಡಕೆಯ ತಳ ಕಂಡಿತು. ಒಬ್ಬನೂ ಒಂದು ಬುರುಡೆ ಕೊಳ್ಳಲಿಲ್ಲ. ಜೇಬಿನ ಕಾಸು ಹಿಡಿದು ಎಲ್ಲರೂ ಪೆರ್ಪೆತುವಾಳ ಅಂಗಳಕ್ಕೆ ಹೋದೆವು. ನನ್ನಿಂದ ಅವಳು ಕಾಸು ತೆಗೆದುಕೊಳ್ಳಲಿಲ್ಲ.

"ನೀನು ಬೇಕಾದವನಪ್ಪಾ," ಎಂದಳು. ನಾನು ಎರಡು ಬುರುಡೆ ಕುಡಿದೆ.

ಸಂಜೆ ಮನೆಗೆ ಮರಳುವಾಗ ಜಿಯೆಮ್ ಅಂಗಳದಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಅಯುವೊ ಗೋಡೆಗೆ ಒರಗಿ ಕೂತಿದ್ದಳು. ಏಳು ವರ್ಷದ ಫೌಸ್ತಿನಾ ಮಡಕೆಯನ್ನು ವಾಲಿಸಿ ಒಳಗೆ ಇಣುಕಿದಳು.

"ಅವ್ವಾ, ಒಂದ್ ಹನಿಯೂ ಇಲ್ಲ! ಎಲ್ಲಾ ಖರ್ಚಾಗೋಯ್ತು! ಮಾಮಾ, ಗಾಳಿ ಯಾಕ್ ಹೊಡೀತಿದೀಯಾ? ನಾನು ಹೋಗ್ಬೇಕಾಗಿಲ್ವಲ್ಲ ಈಗ!"

ಜಿಯೆಮ್ ಗಾಳಿ ಹೊಡೆಯುತ್ತಲೇ ಇದ್ದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ನನ್ನ ಕಡೆ ಓಡಿ ಬಂದಳು.

"ನೀವೂ ಕುಡಿದ್ರಾ? ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಮಗಳೇ," ಎಂದೆ.

ಅವಳು ಹೆಮ್ಮೆಯಿಂದ ತಾಯಿಯ ಕಡೆ ತಿರುಗಿದಳು. ಜಿಯೆಮ್ ಅವಳನ್ನು ಎತ್ತಿ ಹಿಂದಿನ ಸೀಟಿನ ಮೇಲೆ ಕೂರಿಸಿದ.