ಬೇಲಿಯಿಲ್ಲದ ಹೊಂಡ

ಗಾಳೆಮ್ಮ ಒಮ್ಮೆ ಆಡಿದಳೆಂದರೆ ಆ ಮನೆಯಲ್ಲಿ ಅದೇ ಶಾಸನ. ‘ನೀರಿಗಿ ಬೇಲಿ ಹಾಕಿದ್ರ ಗಂಗವ್ವ ಮುನಿಸ್ಕೊಂಡು ಹೋಗ್ತಾಳ’ ಎಂದಳು. ಮಗ ಓಬಳೆಪ್ಪ ತಂದಿದ್ದ ತಂತಿಯ ಸುರುಳಿ ದನದ ಕೊಟ್ಟಿಗೆ ಸೇರಿತು.

ಕುಷ್ಟಗಿ ಸೀಮೆಯ ಮಳೆಗೆ ಈಗ ನೇಮವೆಲ್ಲಿದೆ? ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ, ಬಂದರೆ ಒಂದೇ ಸಂಜೆಗೆ ಹೊಲದ ಮಣ್ಣನ್ನೆಲ್ಲ ಬಳಿದುಕೊಂಡು ಹೋಗುತ್ತದೆ. ಓಡುವ ಆ ನೀರನ್ನು ಹಿಡಿದಿಟ್ಟು ದಾಳಿಂಬೆ ಉಳಿಸಿಕೊಳ್ಳಲೆಂದು ಓಬಳೆಪ್ಪ ಕೃಷಿ ಹೊಂಡ ತೋಡಿಸಿ, ನೀರು ಇಂಗದಂತೆ ತಳದಿಂದ ದಂಡೆಯವರೆಗೆ ಕರಿ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದ. ಒಳ್ಳೆಯ ಕೆಲಸವೇ, ಯಾರು ಇಲ್ಲವೆಂದರು? ಆದರೆ ಅವನ ಹೆಂಡತಿ ಶೋಭಾರಾಣಿಗೆ ಆ ಹೊಂಡ ಕಂಡರೆ ಎದೆ ಝಲ್ಲೆನ್ನುತ್ತಿತ್ತು. ಮೊದಲ ಮಳೆಗೇ ಅದರಲ್ಲಿ ಒಂದು ನಾಯಿ ಸತ್ತು ತೇಲಿತ್ತು. ಕಾಲು ನಿಲ್ಲದೆ ಜಾರುವ ಹಾಳೆಯ ಮೇಲೆ ಸುತ್ತಲೂ ಅದರ ಉಗುರಿನ ಗೀರುಗಳಿದ್ದವು.

‘ಬೇಲಿ ಬ್ಯಾಡಂದ್ರ ಬಿಡ್ರಿ, ಒಂದ್ ಹಗ್ಗಾರ ಇಳಿಬಿಡ್ರಿ’ ಎಂದು ಗಂಡನಿಗೆ ಗಂಟುಬಿದ್ದಳು.

‘ಅವ್ವನ್ನ ಕೇಳು’ ಎಂದು ಅವನು ಮಾತು ಹಾರಿಸಿದ.

ಕೊನೆಗೆ ತಾನೇ ದಂಡೆಯ ಬೇವಿನ ಮರಕ್ಕೆ ಎಮ್ಮೆಯ ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟಳು. ಸಂಜೆಯೇ ಗಾಳೆಮ್ಮ ಅದನ್ನು ಬಿಚ್ಚಿ ತಂದಳು.

‘ನೀರಾಗ ಹಗ್ಗ ಇಳಿಬಿಡೂದು ಹೆಣ ಎತ್ತಾಕವ್ವ. ಅಪಶಕುನ ಮಾಡಬ್ಯಾಡ.’

ಬೈದು ಹೇಳಲಿಲ್ಲ, ತಲೆ ಸವರಿ ಹೇಳಿದಳು. ಹಡೆದ ತಾಯಿಗಿಂತ ಹೆಚ್ಚಾಗಿ ಬಾಣಂತನ ಮಾಡಿದ ಅತ್ತೆ. ಶೋಭಾರಾಣಿ ಹಗ್ಗವನ್ನು ಮತ್ತೆ ಎಮ್ಮೆಯ ಕೊರಳಿಗೆ ಕಟ್ಟಿದಳು.

ಮುಂದಿನ ಮಳೆಗೆ ಹೊಂಡ ಅರ್ಧ ತುಂಬಿತು. ಹೊಸ ನೀರು ಬಂದಾಗಲೆಲ್ಲ ಹಳೆಯ ಬಾವಿಯ ಮೆಟ್ಟಿಲಿಳಿದು, ಅಕ್ಕಿ ಬಳೆ ನೀರಿಗೆ ಬಿಟ್ಟು ಗಂಗವ್ವನ ಉಡಿ ತುಂಬುವುದು ಗಾಳೆಮ್ಮನ ಪದ್ಧತಿ. ಬಾವಿ ಬತ್ತಿ ವರ್ಷಗಳಾಗಿದ್ದವು. ಶುಕ್ರವಾರ ಮುಂಜಾನೆ ಅವಳು ಹಸಿರು ಕುಪ್ಪಸದ ಕಣ, ಅರಿಶಿನದ ಅಕ್ಕಿ, ಬಳೆ ತಟ್ಟೆಯಲ್ಲಿಟ್ಟುಕೊಂಡು ಯಾರಿಗೂ ಹೇಳದೆ ಹೊಂಡಕ್ಕೆ ಹೋದಳು.

ದಾಳಿಂಬೆ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಶೋಭಾರಾಣಿಗೆ ತಟ್ಟೆ ಬಿದ್ದ ಸದ್ದು ಕೇಳಿತು. ಓಡಿ ಬಂದಾಗ ದಂಡೆಯ ಮೇಲೆ ಅತ್ತೆಯ ಚಪ್ಪಲಿ ಮಾತ್ರ ಇದ್ದವು. ಕೆಳಗೆ ಗಾಳೆಮ್ಮ ಕುತ್ತಿಗೆಮಟ ನೀರಿನಲ್ಲಿ ಕಾಲೂರಲಾಗದೆ ಹಾಳೆಯನ್ನು ಪರಚುತ್ತಿದ್ದಳು. ಶೋಭಾರಾಣಿಯ ಕೈ ಬೇವಿನ ಬೊಡ್ಡೆಗೆ ಹೋಯಿತು, ಅಲ್ಲಿ ಹಗ್ಗವಿರಲಿಲ್ಲ. ಉಟ್ಟ ಸೀರೆ ಬಿಚ್ಚಿ, ಒಂದು ತುದಿ ಮರಕ್ಕೆ ಬಿಗಿದು ಎಸೆದಳು. ಗೇಣುದ್ದ ಕಡಿಮೆ ಬಿತ್ತು. ಸೀರೆ ಹಿಡಿದು ತಾನೇ ಇಳಿಯಲು ಕಾಲಿಟ್ಟಳು.

‘ಇಳಿಬ್ಯಾಡ’ ಎಂದಳು ಗಾಳೆಮ್ಮ. ‘ಮಕ್ಕಳದಾವ.’

ಹಾಳೆ ಪರಚುತ್ತಿದ್ದ ಅವಳ ಕೈ ನೀರಿನೊಳಗೆ ಜಾರಿತು.

ಮಣ್ಣು ಮಾಡಿ ಬಂದ ಮರುದಿನವೇ ಓಬಳೆಪ್ಪ ಹೊಂಡದ ಸುತ್ತ ಬೇಲಿ ಹಾಕಿದ. ವಾರ ಕಳೆಯುವುದರೊಳಗೆ ಬಿಸಿಲಿಗೆ ದಾಳಿಂಬೆ ಬಾಡತೊಡಗಿತು. ‘ನೀರ ಬಿಡು’ ಎಂದ, ಹೆಂಡತಿಯ ಮುಖ ನೋಡದೆ. ಶೋಭಾರಾಣಿ ಮೋಟರು ಹಚ್ಚಿದಳು. ಮೊದಲ ಸಾಲಿನ ಬುಡಕ್ಕೆ ನಾಲ್ಕು ಹನಿ ಬಿದ್ದು ನೀರು ನಿಂತಿತು. ಕಸ ಸಿಕ್ಕಿರಬೇಕೆಂದು ಪೈಪಿನ ಫಿಲ್ಟರು ಬಿಚ್ಚಿ ನೋಡಿದಳು. ಜಾಲರಿಯ ತುಂಬ ಅರಿಶಿನದ ಅಕ್ಕಿ.