ಐದನೆಯ ನಂಬರಿನ ಕೆಲಸ

೨೦೦೩ರಲ್ಲಿ ನಂದೀಶನ ಔಷಧ ಕಂಪನಿ ಅವನಿಗೊಂದು ಅಂಗೈ ಕಂಪ್ಯೂಟರ್ ಕೊಟ್ಟಿತು. ಅವನು ದಾವಣಗೆರೆಯವನು. ವಿಜಯವಾಡದ ಡಾಕ್ಟರುಗಳ ಮುಂದೆ ಮಾತ್ರೆಗಳ ಗುಣ ವರ್ಣಿಸುವುದು ಅವನ ಕೆಲಸ. ಅಲ್ಲಿನ ಹಳೇ ಪೇಟೆ ಒನ್ ಟೌನಿನ ಔಷಧ ಸಗಟು ಮಳಿಗೆಯಲ್ಲಿ ನಾನು ಗುಮಾಸ್ತ. ಆ ಬೀದಿಯಲ್ಲಿ ಕನ್ನಡದಲ್ಲಿ ಗೊಣಗಲು ಅವನಿಗೆ ಸಿಕ್ಕವನು ನಾನೊಬ್ಬನೇ ಆದ್ದರಿಂದ ದಿನಾ ಸಂಜೆ ಬರುತ್ತಿದ್ದ.

ಯಂತ್ರದ ನಿಯಮ ಸರಳ. ಮಾಡಬೇಕಾದ ಕೆಲಸ ಬರೆದು ಒಂದರಿಂದ ಐದರೊಳಗೆ ನಂಬರು ಕೊಡಬೇಕು. ಒಂದು ಎಂದರೆ ಈಗಲೇ, ಐದು ಎಂದರೆ ಪುರುಸೊತ್ತಾದಾಗ. ಸಂಜೆ ಫೋನಿನ ತಂತಿಗೆ ಸಿಕ್ಕಿಸಿದರೆ ಪಟ್ಟಿ ವಿಶಾಖಪಟ್ಟಣದಲ್ಲಿದ್ದ ಮ್ಯಾನೇಜರ್ ಕಾಮೇಶ್ವರ ಅವರಿಗೆ ಹೋಗುತ್ತಿತ್ತು.

ನಂದೀಶನ ಹೆಂಡತಿ ಕಮಲಾ ದಾವಣಗೆರೆಯಲ್ಲಿ ಏಳು ತಿಂಗಳ ಬಸುರಿ. ಅಲ್ಲಿ ಕಂಪನಿಯ ಒಂದು ಜಾಗ ಖಾಲಿಯಾಗಿತ್ತು.

"ವರ್ಗ ಕೇಳಿದೆಯೇನಪ್ಪಾ?" ಎಂದೆ.

"ಪಟ್ಟಿಯೊಳಗ ಹಾಕೀನ್ರಿ ಪ್ರಸಾದಣ್ಣ."

ಯಂತ್ರದ ಜೊತೆ ಬಂದ ಬರೆಯುವ ಕಡ್ಡಿಯಿಂದ ಪರದೆ ಸರಿಸಿ ಸರಿಸಿ ಕೊನೆಗೆ ತೋರಿಸಿದ. ಬ್ಯಾಗಿಗೆ ಜಿಪ್ ಹಾಕಿಸುವುದು, ನಾಲ್ಕು. ಅದರ ಕೆಳಗೆ ವರ್ಗ ಕೇಳುವುದು, ಐದು.

"ಜಿಪ್ಪಿಗಿಂತ ಕೆಳಗೇನೋ ಹೆಂಡತಿ?"

"ಸಾಹೇಬ್ರು ನೋಡ್ತಾರಲ್ರಿ. ನಮ್ಮ ಸ್ವಂತದ್ದು ಮ್ಯಾಲೆ ಹಾಕಿದ್ರ ಏನಂದ್ಕೊಂಡಾರು? ಕೊನಿಗಿದ್ರ ಮರ್ಯಾದಿ."

ಮದುವೆಯೂಟದಲ್ಲಿ ಮನೆಯವರು ಕೊನೆಯ ಪಂಕ್ತಿಗೆ ಕೂರುತ್ತಾರಲ್ಲ, ಹಾಗೆ. ಆ ಪಂಕ್ತಿಗೆ ಪಾಯಸ ಉಳಿದಿರುವುದಿಲ್ಲವೆಂದು ಹೇಳಿದೆ. ನಕ್ಕ, ನಂಬರು ಬದಲಿಸಲಿಲ್ಲ.

ಮರುವಾರ ಕಾಮೇಶ್ವರ ಅವರೇ ಬಂದು ನಮ್ಮ ಮಳಿಗೆಯಲ್ಲಿ ಕಾಫಿಗೆ ಕೂತರು. ನಂದೀಶ ಹತ್ತು ನಿಮಿಷ ಹವೆಯ ವಿಷಯ ಮಾತಾಡಿ, ಆಮೇಲೆ ವರ್ಗದ ಮಾತೆತ್ತಿದ.

"ಪಟ್ಟಿಯಲ್ಲಿ ನೋಡಿದ್ದೆನಯ್ಯಾ," ಎಂದರು ಅವರು ತೆಲುಗಿನಲ್ಲೇ. "ನೀನು ಐದು ಹಾಕಿದ್ದೆ, ಅವಸರವಿಲ್ಲ ಅಂತ ನಾನಂದುಕೊಂಡೆ. ವಿಶಾಖದಲ್ಲಿ ಅನಿರುದ್ಧ್ ಇದ್ದಾನಲ್ಲ, ನಿಮ್ಮ ಕಡೆಯವನೇ, ಅವನು ಒಂದು ಹಾಕಿದ್ದ. ದಾವಣಗೆರೆಗೆ ನಿನ್ನೆ ಅವನಿಗೇ ಆರ್ಡರ್ ಕೊಟ್ಟೆ."

"ಅವನಿಗೇನು ಅವಸರ ಸಾರ್?" ಎಂದ ನಂದೀಶ.

"ಸಮುದ್ರದ ಗಾಳಿಗೆ ಬೈಕು ತುಕ್ಕು ಹಿಡೀತಿದೆಯಂತೆ."

ನಂದೀಶ "ಸರಿ ಸಾರ್" ಎಂದ. ನನಗೆ ತಡೆಯಲಾಗಲಿಲ್ಲ. "ಇವನ ಹೆಂಡತಿಗೆ ಏಳು ತಿಂಗಳು, ಸಾರ್," ಎಂದೆ.

ಕಾಮೇಶ್ವರ ಲೋಟ ಕೆಳಗಿಟ್ಟರು. "ಅದು ಪಟ್ಟಿಯಲ್ಲಿ ಇರಲಿಲ್ಲವಲ್ಲ."

ಕೆಟ್ಟ ಮನುಷ್ಯನಲ್ಲ. ಅವರೇ ಹೇಳಿದರು: "ಜಾಗವಂತೂ ಹೋಯಿತು. ಹೆರಿಗೆಗೆ ಒಂದು ತಿಂಗಳು ರಜೆ ಕೊಡ್ತೀನಿ. ಇವತ್ತೇ ಬರೆದು ಕಳಿಸು, ಇಲ್ಲದಿದ್ರೆ ಮರೆತುಬಿಡ್ತೀನಿ."

ಅವರು ಆಟೋ ಹತ್ತಿದ ಮೇಲೆ ನಂದೀಶ ಯಂತ್ರ ತೆಗೆದ. ರಜೆ ಕೇಳುವುದು ಎಂದು ಬರೆದ. ನಂಬರಿನ ಹತ್ತಿರ ಕಡ್ಡಿ ನಿಂತಿತು.

"ಪ್ರಸಾದಣ್ಣ, ಎರಡು ಹಾಕ್ಲೇನ್ರಿ?"

ನಾನು ಅವನ ಕೈಯಿಂದ ಕಡ್ಡಿ ಕಿತ್ತುಕೊಂಡೆ.